ಓದಿಸಿಕೊಂಡು ಹೋಗುತ್ತದೆ

"ಅಷ್ಟೇನಾ?"

ಕೊನೆಯ ಸಾಲಿನಿಂದ ಬಂದ ಪ್ರಶ್ನೆಗೆ ಅವಳು ತಿರುಗಿ ನೋಡಿದಳು. ನೀಲಿ ಶರ್ಟಿನ ಒಬ್ಬ ಅಪರಿಚಿತ. ಕಣ್ಣು ನೇರವಾಗಿ ಅವಳ ಮೇಲೇ ಇತ್ತು.

"ಅಷ್ಟೇ," ಎಂದಳು.

ಗ್ರಂಥಾಲಯದ ಓದುಗರ ಕೂಟದಲ್ಲಿ ಅವಳಿಗೆ 'ಖಡಕ್' ಎಂದೇ ಹೆಸರು. ವಾರವೆಲ್ಲ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಮೂಗಿನ ಮೇಲೆ ಫ್ರೇಮ್ ಕೂರಿಸುವವಳು, ಭಾನುವಾರ ಇಲ್ಲಿ ಬಂದು ಹೊಸ ಕಾದಂಬರಿಗಳ ಗ್ರಹಚಾರ ಬಿಡಿಸುತ್ತಿದ್ದಳು.

"ಮೊದಲನೇದರಲ್ಲಿ ನಾಯಕ ಅರ್ಧ ಪುಸ್ತಕ ಕಿಟಕಿ ಹತ್ರಾನೇ ನಿಂತಿರ್ತಾನೆ. ಪಾಪ, ಕಾಲು ನೋಯಲ್ವಾ?" ಎಂದಿದ್ದಳು ಆವತ್ತು. "ಎರಡನೇದರಲ್ಲಿ ಎಲ್ರೂ ಬದುಕಿನ ಅರ್ಥ ಹುಡುಕ್ತಾರೆ, ಒಬ್ರೂ ಕೆಲಸಕ್ಕೆ ಹೋಗಲ್ಲ. ಹೊಟ್ಟೆಗೇನು ಮಾಡ್ತಾರೋ!"

ಮೂರನೆಯದು ಹೊಸಬನೊಬ್ಬನ ಮೊದಲ ಕಾದಂಬರಿ. ಮರೆವು ಹೆಚ್ಚುತ್ತ ಹೋದ ಅಪ್ಪ, ಕೊನೆಗೆ ಸ್ವಂತ ಮಗಳನ್ನೇ 'ನೀವು ಯಾರ ಮನೆಯವರು?' ಎಂದು ಕೇಳುವ ಕಥೆ. ಅದನ್ನು ಕೈಗೆತ್ತಿಕೊಂಡವಳು ತಡವರಿಸಿದಳು.

"ಇದು... ಓದಿಸ್ಕೊಂಡು ಹೋಗುತ್ತೆ," ಎಂದು ಕೂತುಬಿಟ್ಟಳು.

ಕೂಟ ಘೊಳ್ಳೆಂದಿತು. ಗೊತ್ತಲ್ಲ, ಹೇಳಲು ಏನೂ ಸಿಗದಿದ್ದಾಗ ವಿಮರ್ಶಕರು ಬರೆಯುವ ಮಾತು ಅದು. ಮದುವೆಗೆ ನೋಡಿದ ಹುಡುಗನ ಬಗ್ಗೆ ಕೇಳಿದರೆ 'ಸ್ವಭಾವ ಒಳ್ಳೇದು' ಅಂದ ಹಾಗೆ.

'ಅಷ್ಟೇನಾ?' ಎಂದು ಕೇಳಿದ್ದ ನೀಲಿ ಶರ್ಟಿನವನು, ಅವಳ 'ಅಷ್ಟೇ' ಕೇಳಿ ಚೀಲ ಹೆಗಲಿಗೇರಿಸಿ ಹೊರಟೇಹೋದ.

"ಅಯ್ಯೋ ದೇವ್ರೇ!" ಗ್ರಂಥಪಾಲಕರು ಹಣೆ ಚಚ್ಚಿಕೊಂಡರು. "ಅದನ್ನ ಬರೆದಿದ್ದು ಅವರೇ ಕಣಮ್ಮ! ಸುಮ್ನೆ ಕೂತು ಕೇಳಿ, ಆಮೇಲೆ ಪರಿಚಯ ಮಾಡಿಸ್ತೀನಿ ಅಂತ ನಾನೇ ಕರೆಸಿದ್ದೆ..."

ಅವಳ ಮುಖ ಸಪ್ಪಗಾಯಿತು.

ನಿಜ ಏನೆಂದರೆ, ಆ ಪುಸ್ತಕವನ್ನು ಅವಳು ಬಸ್ಸಿನಲ್ಲಿ ಓದಿದ್ದಳು. ಇಳಿಯುವ ಸ್ಟಾಪ್ ಯಾವಾಗ ದಾಟಿತೋ ಗೊತ್ತಿಲ್ಲ. ಡಿಪೋ ಬಂದಾಗ ಕಂಡಕ್ಟರ್ ಎಬ್ಬಿಸಲು ಬಂದರೆ, ಇವಳು ಎಚ್ಚರವಾಗೇ ಇದ್ದಳು, ಮುಖ ಒದ್ದೆಯಾಗಿತ್ತು. ಅವಳ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಕೊನೆಯ ದಿನಗಳಲ್ಲಿ ಅವರೂ ಅವಳನ್ನು ಗುರುತಿಸಿರಲಿಲ್ಲ. ಕೂಟದಲ್ಲಿ ಇನ್ನೊಂದು ಮಾತಾಡಿದ್ದರೆ ಅತ್ತೇಬಿಡುತ್ತಿದ್ದಳು. ಖಡಕ್ ಅನ್ನಿಸಿಕೊಂಡವಳಿಗೆ ಅದು ಸಾಧ್ಯವೇ? ಬಾಯಿಗೆ ಸಿಕ್ಕಿದ ಸವಕಲು ಮಾತು ಹೇಳಿ ಕೂತಿದ್ದಳು.

ಮುಂದಿನ ಭಾನುವಾರ ಗ್ರಂಥಪಾಲಕರು ಇನ್ನೊಂದು ಸುದ್ದಿ ಕೊಟ್ಟರು. ಆತ ಪ್ರಕಾಶಕರಿಗೆ ಕೊಟ್ಟಿದ್ದ ಎರಡನೇ ಕಾದಂಬರಿಯನ್ನು ವಾಪಸ್ ತೆಗೆದುಕೊಂಡಿದ್ದ. ಇನ್ನು ಬರೆಯುವುದಿಲ್ಲವಂತೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಕೆಲಸ ಇದೆಯಲ್ಲ, ಅಷ್ಟು ಸಾಕಂತೆ.

"ಹೋಗಿ ಇದ್ದದ್ದು ಇದ್ದ ಹಾಗೆ ಹೇಳು," ಎಂದರು ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅತ್ತಿಗೆ, ಬಟ್ಟೆ ಮಡಚುತ್ತ.

"ಹೇಗೆ ಹೇಳೋದು ಅತ್ತಿಗೆ? ಗುರುತಿಲ್ಲ, ಪರಿಚಯ ಇಲ್ಲ..."

"ಕಾರು ಕಲಿಯೋಕೆ ಸೇರ್ಕೋ."

ಸೇರಿಕೊಂಡಳು! ಅಣ್ಣನ ಸ್ಕೂಟರಿನ ಹಿಂದೆ ಕೂರಲೂ ಹೆದರುವವಳು. ಅಣ್ಣ ನಕ್ಕು ನಕ್ಕು ಸುಸ್ತಾದ.

ಆತ ಅವಳನ್ನು ನೋಡಿದ ಕೂಡಲೇ ಗುರುತಿಸಿದ. ಗುರುತಿಸಿದ್ದನ್ನು ತೋರಿಸಿಕೊಳ್ಳಲಿಲ್ಲ.

"ಕ್ಲಚ್ ಒತ್ತಿ. ಗೇರ್ ಹಾಕಿ. ನಿಧಾನ." ದಿನವೂ ಇಷ್ಟೇ. ಅವಳೂ ಬಾಯಿ ಬಿಡಲಿಲ್ಲ. ಆದರೂ ಅಂಗಡಿಯಲ್ಲಿ ಕನ್ನಡಕ ಒರೆಸುವಾಗ, ಸ್ಟೀರಿಂಗ್ ತಿದ್ದುವ ಆ ಕೈ ನೆನಪಾಗುತ್ತಿತ್ತು. ತಪ್ಪು ಮಾಡಿದರೂ ಆತ ಒಮ್ಮೆಯೂ ರೇಗಿರಲಿಲ್ಲ. 'ಇವನು ಬೈದಿದ್ದರಾದರೂ ಚೆನ್ನಾಗಿರ್ತಿತ್ತು...'

ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಆತ ಹೇಳಿದ, "ನಾಳೆಯಿಂದ ಬೇರೆಯವರು ಬರ್ತಾರೆ. ನಾನು ಇನ್ನೊಂದು ಬ್ರ್ಯಾಂಚಿಗೆ ಹೋಗ್ತಿದೀನಿ."

ಅವಳ ಕಾಲು ಕ್ಲಚ್ಚಿನಿಂದ ಜಾರಿತು. ಗಾಡಿ ಧಡಕ್ಕನೆ ನಿಂತುಹೋಯಿತು.

"ನಿಮ್ಮ ಪುಸ್ತಕ ಓದಿ ನಾನು ಡಿಪೋ ತನಕ ಹೋಗ್ಬಿಟ್ಟಿದ್ದೆ!" ಎಂದಳು ಒಂದೇ ಉಸಿರಿಗೆ. "ಆವತ್ತು ಅಳು ಬರುತ್ತೆ ಅಂತ ಬೇಗ ಕೂತೆ. ಬೇರೆ ಏನೂ ಅಲ್ಲ."

ಆತ ಹೊರಗೆ ನೋಡಿದ. "ಸಮಾಧಾನದ ಮಾತು ಬೇಕಾಗಿಲ್ಲ."

ಅವಳಿಗೆ ಬಂತು ನೋಡಿ ಸಿಟ್ಟು!

"ಸಮಾಧಾನಾನಾ? ನಿಮ್ಮ ಒಂಬತ್ತನೇ ಅಧ್ಯಾಯ ಹರಿದು ಬಿಸಾಕ್ಬೇಕು! ಆ ಅಪ್ಪನಿಗೆ ಒಂದು ದಿನ ಎಲ್ಲಾ ನೆನಪಾಗಿ, ಮಗಳ ಕೈ ಹಿಡಿದು ಕ್ಷಮೆ ಕೇಳ್ತಾನಲ್ಲ, ಅದು ಶುದ್ಧ ಸುಳ್ಳು! ಹಾಗೆಲ್ಲ ಆಗಲ್ಲ. ನಮ್ಮಪ್ಪನಿಗೆ ನೆನಪಾಗ್ಲಿಲ್ಲ... ಕೊನೇವರೆಗೂ ಆಗ್ಲಿಲ್ಲ..."

ಖಡಕ್ ಹುಡುಗಿ ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿದಳು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್.

ಆತ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದ.

"ಅದನ್ನ ಬರೆದಾಗ್ಲೇ ನಂಗೂ ಗೊತ್ತಿತ್ತು," ಎಂದ ಮೆಲ್ಲಗೆ. "ನಮ್ಮಪ್ಪನಿಗೂ ನೆನಪಾಗ್ಲಿಲ್ಲ, ಕ್ಷಮೆ ಕೇಳ್ಲಿಲ್ಲ. ಪುಸ್ತಕದಲ್ಲಾದ್ರೂ ಕೇಳ್ಲಿ ಅಂತ..."

ಅವಳು ತಲೆ ಎತ್ತಿದಳು. ಆತನ ಕಣ್ಣೂ ತುಂಬಿತ್ತು. ಇಷ್ಟು ದಿನ ಪಕ್ಕದಲ್ಲೇ ಕೂತು ಇದೊಂದನ್ನು ಹೇಳದೆ ಹೋದೆವಲ್ಲ ಎಂದುಕೊಂಡು ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಇರ್ಲಿ. ಹರಿಯೋದು ಬೇಡ," ಎಂದಳು. "ಬರೆಯೋದು ನಿಲ್ಲಿಸ್ಬೇಡಿ. ಮತ್ತೆ... ಆ ಬ್ರ್ಯಾಂಚಿಗೂ ಹೋಗ್ಬೇಡಿ. ನಂಗೆ ಪುಸ್ತಕ ಇಷ್ಟ ಆಗಿದ್ದು ಬೇರೆ. ನೀವು ಇಷ್ಟ ಆಗಿರೋದು ಬೇರೆ."

ಹೇಳಿ ಮುಗಿಸಿದ ಮೇಲೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಆತ ನಗಲೂ ಇಲ್ಲ, ನೋಡಲೂ ಇಲ್ಲ. ಹಿಂದಿನ ಲಾರಿಯವನು ಇಳಿದು ಬಂದು ಕಿಟಕಿ ಬಡಿಯುತ್ತಿದ್ದ.

"ಗಾಡಿ ಸ್ಟಾರ್ಟ್ ಮಾಡು," ಎಂದ ಆತ.

ಅವಳು ಗಕ್ಕನೆ ತಿರುಗಿದಳು. "ಏನಂದ್ರಿ?"

"ಫಸ್ಟ್ ಗೇರ್ ಹಾಕು ಅಂದೆ."

"ಅಲ್ಲ... ನಿನ್ನೆವರೆಗೂ 'ಹಾಕಿ' ಅಂತಿದ್ರಿ!"

"ಹ್ಞೂಂ. ನಿನ್ನೆವರೆಗೂ."