ಸ್ಕ್ಯಾನ್ ನಡುವೆ ಕೇಳಿದ ಪ್ರಶ್ನೆ

ಪ್ರೀತಿಯ ಮಾತನ್ನು ಜನ ಎಲ್ಲೆಲ್ಲೋ ಆಡುತ್ತಾರೆ. ಇವಳಿಗೆ ಅದು ಕೇಳಿಸಿದ್ದು ಎಂಆರ್‌ಐ ಯಂತ್ರದ ಹೊಟ್ಟೆಯೊಳಗೆ, ಹೆಡ್‌ಫೋನಿನಲ್ಲಿ.

ಅವಳು ಅದೇ ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್. ಅಲುಗಾಡಬೇಡಿ ಎಂದು ರೋಗಿಗಳಿಗೆ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅವನು ಮೇಲಿನ ಮಹಡಿಯ ಸಂಶೋಧಕ. ನೆಪ ಮಾಡಿಕೊಂಡು ಕೆಳಗಿಳಿದು, ಕಣ್ಣಲ್ಲೇ ಅರ್ಧ ಮಾತಾಡಿ ಹೋಗುವವನು. ಮಿದುಳಿನ ಎಳೆಗಳ ಗುಂಟ ನೀರಿನ ಕಣಗಳು ಯಾವ ದಿಕ್ಕಿಗೆ ಸರಿಯುತ್ತವೆ ಎಂದು ಹಿಡಿಯುವುದು ಡಿಫ್ಯೂಷನ್ ಸ್ಕ್ಯಾನ್. ತಲೆ ಚೂರು ತಿರುಗಿದರೂ ಸಾಕು, ಎಳೆಗಳು ದಿಕ್ಕು ತಪ್ಪಿ ಕಾಣುತ್ತವೆ. ಆ ತಪ್ಪನ್ನು ತಿದ್ದುವ ಪ್ರೋಗ್ರಾಮ್ ಅವನದು. ಪರೀಕ್ಷೆಗೊಂದು ತಲೆ ಬೇಕು ಎಂದಾಗ ಇವಳು ನಗುತ್ತಲೇ ಹೋಗಿ ಮಲಗಿದ್ದಳು.

"ನನ್ನ ಮದುವೆ ಆಗ್ತೀಯಾ?"

ಗಡಗಡ ಸದ್ದಿನ ನಡುವೆ ಹೆಡ್‌ಫೋನಿನಲ್ಲಿ ಅವನ ದನಿ ಕೇಳಿ ಅವಳ ತಲೆ ಗಕ್ಕನೆ ತಿರುಗಿತು. ಹೊರಗೆ ಬಂದವಳೇ, ಸ್ಕ್ಯಾನ್ ಕೆಡಿಸಿದೆಯಲ್ಲ ಎಂದು ಹುಸಿಮುನಿಸು ತೋರಿದಳು. ಅವನು ಕನ್ನಡಕ ಒರೆಸುತ್ತ ಓರೆಗಣ್ಣಲ್ಲಿ ನೋಡಿ ನಕ್ಕ. ಆ ನೋಟಕ್ಕೇ ಕರಗಿ ಹೂಂ ಎಂದಳು. ಅವಳ ಅಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳಿಯೂ ಆಯಿತು.

ಲ್ಯಾಬಿನ ಸೆಮಿನಾರಿಗೆ ಅವಳು ಹೆಮ್ಮೆಯಿಂದಲೇ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಪರದೆಯ ಮೇಲೆ ಅವಳದೇ ಮಿದುಳು: ಒಂದು ಕಡೆ ಚೆಲ್ಲಾಪಿಲ್ಲಿಯಾದ ಎಳೆಗಳು, ಪಕ್ಕದಲ್ಲಿ ತಿದ್ದಿದ ಚಿತ್ರ. ಪ್ರೋಗ್ರಾಮಿನ ಪರೀಕ್ಷೆಗೆ ಅಲುಗಿದ ತಲೆಯೇ ಬೇಕು, ಹೇಳಿ ಆಡಿಸಿದರೆ ಯಾರ ತಲೆಯೂ ಸಹಜವಾಗಿ ಆಡುವುದಿಲ್ಲ, ಈ ಸ್ವಯಂಸೇವಕಿಯಂತೂ ಕಲ್ಲಿನ ಹಾಗೆ ಮಲಗಿಬಿಟ್ಟಿದ್ದಳು, ಹಾಗಾಗಿ ನಡುವೆ ಅನಿರೀಕ್ಷಿತ ಪ್ರಶ್ನೆಯೊಂದನ್ನು ಕೇಳಿ ಬೆಚ್ಚಿಸಬೇಕಾಯಿತು ಎಂದು ಅವನು ವಿವರಿಸಿದ. ಎಲ್ಲರೂ ನಕ್ಕರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎದ್ದು ಹೊರಟವಳ ಹಿಂದೆ ಅವನು ಕಾರಿಡಾರಿನವರೆಗೂ ಓಡಿಬಂದ. ಪ್ರಶ್ನೆ ಸುಳ್ಳಲ್ಲ, ಹೇಗೂ ಕೇಳುವವನೇ ಇದ್ದೆ, ಆ ಹೊತ್ತಿಗೆ ಕೇಳಿದೆ ಅಷ್ಟೆ ಎಂದು ಸಮಜಾಯಿಷಿ ಕೊಟ್ಟ. ಕಣ್ಣಲ್ಲಿ ನೀರೂ ಇತ್ತು. ನಂಬಿಬಿಡೋಣವೆಂದು ಅವಳ ಜೀವ ಹಾತೊರೆಯಿತು. ಹಾಳಾದ ಮನಸ್ಸಿಗೆ ಮಾನ ಮರ್ಯಾದೆ ಎಲ್ಲಿಯದು?

ಸ್ವಯಂಸೇವಕರು ಕಾರಣ ಹೇಳದೆಯೇ ತಮ್ಮ ಸ್ಕ್ಯಾನನ್ನು ವಾಪಸು ಪಡೆಯಬಹುದು ಎಂಬುದು ಅಲ್ಲಿಯ ನಿಯಮ. ಅವಳಿಗೆ ಅದು ಗೊತ್ತಿತ್ತು.

"ನನ್ನ ಸ್ಕ್ಯಾನ್ ಅಳಿಸಿಬಿಡು," ಎಂದಳು. "ಆಮೇಲೆ ಅದೇ ಪ್ರಶ್ನೆ ಇನ್ನೊಂದ್ಸಲ ಕೇಳು. ಬರೀ ನನಗೋಸ್ಕರ ಕೇಳು."

ಅವನು ಕೈಯಲ್ಲಿದ್ದ ಲ್ಯಾಪ್‌ಟಾಪ್ ತೆರೆದ. ಫೈಲನ್ನೂ ಹುಡುಕಿದ. ಅಲ್ಲಿಗೆ ಬೆರಳು ನಿಂತಿತು. ಅವಳು ಆ ಬೆರಳನ್ನೇ ನೋಡಿದಳು.

"ಪೇಪರ್ ಒಂದು ಹೊರಗೆ ಬರಲಿ," ಎಂದ ಮೆಲ್ಲಗೆ. "ಆಮೇಲೆ ಖಂಡಿತ ಅಳಿಸ್ತೀನಿ. ಇಂಥ ಸ್ಕ್ಯಾನ್ ಮತ್ತೆ ಸಿಗಲ್ಲ ಕಣೇ."

ಅವಳೇ ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿದಳು.

"ಸರಿ, ಇಟ್ಕೋ. ಅದನ್ನೇ ಇಟ್ಕೋ."

ಅವನು ಹಿಂದೆ ಬರಬಹುದೆಂದು ಮೆಟ್ಟಿಲುಗಳನ್ನು ಬೇಕೆಂದೇ ನಿಧಾನವಾಗಿ ಇಳಿದಳು. ಕೆಳಗೆ ಬಂದು ಮುಟ್ಟಿದರೂ ಯಾರ ಹೆಜ್ಜೆಯೂ ಕೇಳಿಸಲಿಲ್ಲ.