ಸೋರುವ ಮರಿಗೆ

“ಸೋರೂದ್ ಸೋರ್ಲಿ ದಾಮೋದರ, ಆ ನೀರಿನ್ ಕಲ್ಲ್ ಮರ್ಗಿ ಬಿರುಕ್ ಮುಚ್ಚುಕಾಗ,” ಎಂದರು ನೆರೆಮನೆಯ ಗೋಮತಿಯಮ್ಮ. “ಹಿಂದ್ ಈ ಮನಿಯಂಗೆ ಒಬ್ಳ್ ಸೊಸೇನ ಕೂಡಿಹಾಕಿ, ನೀರ್ ಕೊಡ್ದೆ ಕೊಂದಿದ್ರ್. ಮಂತ್ರವಾದಿ ತರ್ಸಿ ಅವ್ಳನ್ನ ಆ ಕಲ್ಲಿನಡಿಗೆ ಕಟ್ ಹಾಕಿದ್ರ್. ಸೋರಿದ್ ನೀರೇ ಅವ್ಳಿಗ್ ಕುಡುಕೆ.”

ದಾಮೋದರ ನಕ್ಕ. “ಕಾಪಿ ಕುಡಿತ್ಳಾ ಕೇಣಿ ಅತ್ತೆ.”

ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವನು ಯುದ್ಧದ ಗಲಾಟೆಗೆ ಹೆದರಿ ಊರು ಸೇರಿದ್ದ. ಕೋಟದಲ್ಲಿ ಹಳೆಮನೆಯೊಂದನ್ನು ಕೊಂಡು ಹಸಿಬಾಣಂತಿ ಹೆಂಡತಿ ಸುಗುಣಾಳನ್ನೂ ಕೂಸನ್ನೂ ಕರೆತಂದಿದ್ದ. ಬಾವಿಯಿಂದ ಸೇದಿ ಹೊಯ್ದ ನೀರು ಮರ ಕೊರೆದ ದಂಬೆಯಲ್ಲಿ ಹರಿದು ಬಂದು, ಒಳಜಗಲಿಯ ಗೋಮುಖದಿಂದ ಕಲ್ಲುಮರಿಗೆಗೆ ಬೀಳುವ ಚೆಂದಕ್ಕೇ ಅವನು ಮರುಳಾದದ್ದು. ಆದರೆ ಎಷ್ಟು ತುಂಬಿಸಿದರೂ ಬೆಳಗಾಗುವಾಗ ಮರಿಗೆ ಬರಿದು.

ಸಿಮೆಂಟು ಕಣ್ಣಿಗೂ ಕಾಣದ ಕಾಲ. ಗಂಗೊಳ್ಳಿಯಿಂದ ದೋಣಿಗೆ ಮೆತ್ತುವ ರಾಳ ತರಿಸಿ, ಹೊನ್ನೆ ಎಣ್ಣೆಯಲ್ಲಿ ಕುದಿಸಿದ. ತೆಂಗಿನ ನಾರು ತುರುಕಿ ಬಿರುಕಿಗೆ ಹೊಯ್ದ. ಮನೆಯೆಲ್ಲ ಗಂಟಲು ಕೆರೆಯುವ ಕಮಟು ವಾಸನೆ. ಮರುದಿನ ಬೆಳಿಗ್ಗೆ ಮರಿಗೆ ತುಂಬಿ ನಿಂತಿತ್ತು. ದಾಮೋದರ ಮೀಸೆ ತಿರುವಿದ.

ಆ ಬೆಳಿಗ್ಗೆಯೇ ಕೂಸು ಮೊಲೆ ಬಿಟ್ಟಿತು.

“ಕಾಣಿ, ಮಾಣಿ ಬಾಯಿ ಒಣಗಿ ಹೋಯ್ತ್,” ಎಂದಳು ಸುಗುಣಾ. “ಎಂತ ಮಾಡುದ್?”

ಹತ್ತಿಯಲ್ಲಿ ಅದ್ದಿ ನೀರು ಹಿಂಡಿದರೆ ತುಟಿಯ ಮೇಲೆ ಬಿದ್ದದ್ದು ಅಲ್ಲೇ ಇಂಗುತ್ತಿತ್ತು, ನಾಲಗೆ ಒದ್ದೆಯಾಗುತ್ತಿರಲಿಲ್ಲ. ಸಾಲಿಗ್ರಾಮದಿಂದ ಬಂದ ಪಂಡಿತರು ನಾಡಿ ಹಿಡಿದು, ಮದ್ದಿನ ಪೆಟ್ಟಿಗೆ ತೆರೆಯದೆಯೇ ಎದ್ದು ಹೋದರು. ಮುಸ್ಸಂಜೆಗೆ ಅಳುವ ದನಿಯೂ ಉಡುಗಿತು. ಮರಿಗೆಯ ಅಡಿಯಿಂದ ಮಾತ್ರ ಸದ್ದು ಬರುತ್ತಿತ್ತು, ಯಾರೋ ಉಗುರಿನಿಂದ ಕಲ್ಲು ಕೆರೆಯುವ ಹಾಗೆ.

ದಾಮೋದರನ ಜಂಭ ಇಳಿದುಹೋಯಿತು. ಹಾರೆ ಹಿಡಿದು ಬಂದ. ರಾಳ ಕೆರೆದ. ಬರಲಿಲ್ಲ. ಕುಟ್ಟಿದ. ಬರಲಿಲ್ಲ. ಮಗ ಕೈಬಿಟ್ಟು ಹೋಗುತ್ತಿದ್ದಾನೆ ಎಂಬುದೊಂದೇ ತಲೆಯಲ್ಲಿ. ಹಾರೆಯನ್ನೆತ್ತಿ ಮರಿಗೆಯ ತಳಕ್ಕೇ ಹಾಕಿದ. ಕಲ್ಲು ಸೀಳಿತು. ದೀಪ ಆರಿತು. ಹಳೇ ಹೆಣದ ನಾತ ಮುಖಕ್ಕೆ ಹೊಡೆಯಿತು. ಅಷ್ಟು ನೀರೂ ಗಟಗಟನೆ ಇಳಿದುಹೋಯಿತು. ನೆಲ ಒದ್ದೆಯಾಗಲಿಲ್ಲ. ತಣ್ಣನೆಯದೇನೋ ಅವನ ಕಾಲು ಸವರಿಕೊಂಡು ಬಾಣಂತಿ ಕೋಣೆಯತ್ತ ಸರಿಯಿತು.

“ಹ್ವಾಯ್, ಬನ್ನಿ,” ಸುಗುಣಾ ಒಳಗಿಂದ ಕರೆದಳು. “ಮಾಣಿ ಮೊಲಿ ಹಿಡ್ದ. ಕುಡಿತಿದ್ದ.”

ದಾಮೋದರ ಅಲ್ಲೇ ಕುಸಿದು ಅತ್ತುಬಿಟ್ಟ. ಮಗ ಉಳಿದ. ಕಣ್ಣೊರೆಸಿಕೊಂಡು, ಗೋಡೆ ತಡವುತ್ತ ನಡೆದ. ಕತ್ತಲಲ್ಲಿ ಚಪ್ಪರಿಸುವ ಸದ್ದು. ನಿಲ್ಲುತ್ತಲೇ ಇಲ್ಲ.

“ಸಾಕ್ ಮಗಾ,” ಎಂದಳು ಸುಗುಣಾ. ಮತ್ತೊಮ್ಮೆ, ತೀರ ಸಣ್ಣ ದನಿಯಲ್ಲಿ, “ಸಾಕ್.” ಆಮೇಲೆ ಅವಳು ಮಾತಾಡಲಿಲ್ಲ.

ಅವನು ಕಡ್ಡಿ ಗೀರಿದ. ಸುಗುಣಾ ಗೋಡೆಗೊರಗಿದ್ದಳು, ಒಣಗಿದ ಸೋಗೆಯ ಹಾಗೆ. ಮಡಿಲಲ್ಲಿ ಕೆನ್ನೆ ತುಂಬಿದ ಕೂಸು. ಮಾತು ಬಾರದ ಕೂಸು. ಅದು ತಲೆಯೆತ್ತಿ ಅಪ್ಪನನ್ನು ನೋಡಿ ಹೆಣ್ಣುದನಿಯಲ್ಲಿ ಹೇಳಿತು:

“ನಂಗಿನ್ನೂ ಬಾಯಾರ್ಕಿ.”

ಕಡ್ಡಿ ಬೆರಳು ಸುಡುತ್ತಿತ್ತು. ದಾಮೋದರ ಓಡಲಿಲ್ಲ. ಬಗ್ಗಿ ಅದನ್ನು ಎತ್ತಿಕೊಂಡ. ಎಷ್ಟೆಂದರೂ ಅವನ ಮಗ.