ಎಡವಟ್ಟು ಕೀಬೋರ್ಡ್

ನಮ್ಮ ಅತ್ತೆಯ ಹತ್ತಿರ ಅಳುತ್ತಾ ಬರುವವರಿಗೆ ಮೊದಲು ಸಿಗುವುದು ಸಮಾಧಾನವಲ್ಲ, ಬೈಗುಳ. ಆ ಮಂಗಳವಾರ ಬೆಳಿಗ್ಗೆ ಡಿಟಿಪಿ ಅಕ್ಕನಿಗೂ ಅದೇ ಸಿಕ್ಕಿತು.

"ಮೊದಲು ಮೂಗು ಒರೆಸಿಕೋ. ಅರ್ಧ ಮಾತು ಕರ್ಚೀಫಿಗೇ ಹೋಗ್ತಿದೆ" ಎಂದರು ಅತ್ತೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ನಲವತ್ತು ವರ್ಷ ಟೈಪಿಂಗ್ ಕಲಿಸಿದವರು. ಶಾಲೆ ಮುಚ್ಚಿದ ಮೇಲೆ ನನ್ನ ಸ್ಟೇಷನರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನೆಲೆಸಿ ಊರಿನವರ ಸಿಕ್ಕುಗಳನ್ನು ಬಿಡಿಸುತ್ತಿದ್ದರು. ನಾನು ಅವರ ಬಲಗೈ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅವರು ಅದನ್ನು ಒಮ್ಮೆಯೂ ಒಪ್ಪಿರಲಿಲ್ಲ.

ಡಿಟಿಪಿ ಅಕ್ಕ ಹಿಂದಿನ ಬೀದಿಯ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಜೋಡಿಸುವವಳು. ಕೆಮ್ಮಿನ ಔಷಧದ ಜೊತೆ ಇಡುವ ಚೀಟಿಯೊಂದು ಅಲ್ಲಿ ಅಚ್ಚಾಗಿತ್ತು. "12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು" ಎಂದಿರಬೇಕಾದ ಕಡೆ "2 ವರ್ಷದೊಳಗಿನ" ಎಂದಿತ್ತು. ಔಷಧ ಕಂಪನಿಯ ಫಾರ್ಮಸಿಸ್ಟ್ ಕಟ್ಟು ಬಿಚ್ಚಿದಾಗಲೇ ಕಂಡುಹಿಡಿದಿದ್ದರಿಂದ ಒಂದು ಮಗುವಿಗೂ ತೊಂದರೆಯಾಗಿರಲಿಲ್ಲ. ಅದನ್ನು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

"ಯಾರ ತಪ್ಪು ಅಂತ ಕಂಪನಿಯವರು ಕೇಳಿದಾರೆ ಟೀಚರ್. ಸಂಜೆ ಐದಕ್ಕೆ ಯಜಮಾನರು ನನ್ನ ಹೆಸರು ಹಾಕಿ ಕಾಗದ ಕಳಿಸ್ತಾರೆ. ಆಮೇಲೆ ಯಾವ ಮುದ್ರಣಾಲಯದವರು ನನಗೆ ಕೆಲಸ ಕೊಡ್ತಾರೆ? ನಾನು ಹನ್ನೆರಡು ಅಂತಾನೇ ಹೊಡೆದಿದ್ದೆ. ಕರಡಿನಲ್ಲೂ ಹಾಗೇ ಇದೆ."

"ಯಜಮಾನರು ಏನಂತಾರೆ?"

ಆಕೆ ತಲೆ ತಗ್ಗಿಸಿದಳು. "ಎಲ್ಲಾ ಆ ಕೀಬೋರ್ಡಿಂದಲೇ ಅಂತಾರೆ."

ಅತ್ತೆಯ ಮುಖ ಗಂಭೀರವಾಯಿತು. ಆ ಕೀಬೋರ್ಡನ್ನು ಆಕೆಗೆ ಆರಿಸಿ ಕೊಟ್ಟವರು ಅವರೇ. ಆರು ತಿಂಗಳ ಹಿಂದೆ ಆಕೆಯ ಬಲಭುಜ ಹಿಡಿದುಕೊಂಡಿತ್ತು. ಅಕ್ಷರ ಹೊಡೆಯುವುದು, ಬಾಣದ ಕೀಗಳತ್ತ ಹೋಗುವುದು, ಅಲ್ಲಿಂದ ಮೌಸಿಗೆ ಹಾರುವುದು, ಮತ್ತೆ ವಾಪಸು ಬರುವುದು, ದಿನವಿಡೀ ಬಲಗೈಗೇ ಓಡಾಟ. ನಾನು ಅಂಗಡಿಯಲ್ಲಿ ಮೂರು ಬಗೆ ಹರಡಿದ್ದೆ. ಒಂದು ಮಾಮೂಲಿನದು, ಇನ್ನೊಂದು ಬಾಣದ ಕೀಗಳೇ ಇಲ್ಲದ ಪುಟಾಣಿ. ಮೂರನೆಯದರಲ್ಲಿ ಬಾಣ, ಹೋಮ್, ಎಂಡ್, ಡಿಲೀಟ್ ಎಲ್ಲವೂ ಅಕ್ಷರಗಳ ಎಡಕ್ಕಿದ್ದವು. "ಬಲಗೈಗೆ ಮೌಸು, ಎಡಗೈಗೆ ಓಡಾಟ. ಇದನ್ನ ತಗೋ" ಎಂದು ಅತ್ತೆ ಮೂರನೆಯದನ್ನು ಆಕೆಯ ಮುಂದೆ ತಳ್ಳಿದ್ದರು. ವಾರದೊಳಗೆ ಆಕೆಯ ಕೈ ಪಳಗಿತು, ತಿಂಗಳಲ್ಲಿ ನೋವೂ ಇಳಿಯಿತು. ಮುದ್ರಣಾಲಯದವರು ಮಾತ್ರ ಅದಕ್ಕೆ 'ಎಡವಟ್ಟು' ಎಂದು ಹೆಸರಿಟ್ಟು ನಗುತ್ತಿದ್ದರು.

"ಚಪ್ಪಲಿ ಹಾಕ್ಕೋ" ಎಂದು ಅತ್ತೆ ನನಗೆ ಹೇಳಿದರು. ನಾನು ಗಲ್ಲಾಪೆಟ್ಟಿಗೆಗೆ ಬೀಗ ಹಾಕುವಷ್ಟರಲ್ಲಿ ಅವರು ಬೀದಿಯ ತಿರುವಿನಲ್ಲಿದ್ದರು.

ಮುದ್ರಣಾಲಯದಲ್ಲಿ ಮೂವರಿದ್ದರು. ಯಜಮಾನರು ಕಂಪನಿಗೆ ಕಾಗದ ಹೊಡೆಯುತ್ತಿದ್ದರು. ಒಂದೇ ಬೆರಳು, ಕತ್ತು ಪೂರ್ತಿ ಬಾಗಿಸಿ, ಕೋಳಿ ಕಾಳು ಹೆಕ್ಕುವಂತೆ ಒಂದೊಂದೇ ಅಕ್ಷರ. "ಡಿಲೀಟು ಎಡಗೈ ಬುಡದಲ್ಲಿ ಇಟ್ಕೊಂಡ್ರೆ ಇನ್ನೇನಾಗುತ್ತೆ ಟೀಚರ್?" ಎಂದು ತಲೆಯೆತ್ತದೆಯೇ ಕೇಳಿದರು.

ಮಷೀನಿನವನ ಹತ್ತು ಬೆರಳಿಗೂ ಕಪ್ಪು ಮಸಿ ಮೆತ್ತಿತ್ತು. "ನಾನು ಆ ಎಡವಟ್ಟನ್ನ ಮುಟ್ಟಿಲ್ಲಮ್ಮ. ಕರಡಿ ಸಾಹೇಬ್ರನ್ನ ಕೇಳಿ" ಎಂದು ಪಿಸುಗುಟ್ಟಿದ.

ಕರಡು ತಿದ್ದುವವರಿಗೆ ಅವನು ಇಟ್ಟ ಹೆಸರು ಅದು. ಅವರು ಕರಡಿಯಂತೇನೂ ಇರಲಿಲ್ಲ, ಕಡ್ಡಿಯಂತಿದ್ದರು. ಕಂಪ್ಯೂಟರ್ ಬಂದ ಹೊಸದರಲ್ಲಿ ಅತ್ತೆಯ ಬಳಿಯೇ ಕಲಿತವರು. ನಾವು ಹೋದಾಗ ಬಲಗೈಯಲ್ಲಿ ಹಾಳೆ ಹಿಡಿದು ಓದುತ್ತಿದ್ದರು. ಕಣ್ಣು ಹಾಳೆಯಿಂದ ಕದಲಲಿಲ್ಲ. ಎಡಗೈ ಮೇಜಿನ ಅಂಚು ಹಿಡಿದು ಜಾರುತ್ತಾ ಹೋಗಿ ನೀರಿನ ಲೋಟವನ್ನು ಎತ್ತಿಕೊಂಡಿತು.

"ನಾನು ಹನ್ನೆರಡು ಅಂತ ನೋಡಿಯೇ ಸಹಿ ಹಾಕಿದ್ದು ಟೀಚರ್. ಆಮೇಲೆ ಅದು ನನ್ನ ಜವಾಬ್ದಾರಿ ಅಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ತಪ್ಪು ಆಚೆ ಹೋಗಿಲ್ಲ" ಎಂದರು ಅವರು.

ಅತ್ತೆ ಡಿಟಿಪಿ ಅಕ್ಕನತ್ತ ತಿರುಗಿದರು. "ಸಹಿ ಆದಮೇಲೆ ನೀನು ಫೈಲನ್ನ ನೋಡಲಿಲ್ವಾ?"

"ಇಲ್ಲ. ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಭುಜದ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋದೆ. ಎರಡಕ್ಕೆ ಬಂದು ನೇರವಾಗಿ ಮಷೀನಿಗೆ ಕಳಿಸಿದೆ. ಸಹಿ ಆದಮೇಲೆ ಯಾರೂ ಮುಟ್ಟಬಾರದು ಅಂತ ನಿಯಮ ಇದೆಯಲ್ಲ."

ಫೈಲನ್ನು ಕೊನೆಯ ಬಾರಿ ಉಳಿಸಿದ್ದು ಒಂದು ಇಪ್ಪತ್ತಕ್ಕೆ ಎಂದು ಕಂಪ್ಯೂಟರೇ ಹೇಳಿತು. ಆ ಹೊತ್ತಿಗೆ ಆಕೆ ಆಸ್ಪತ್ರೆಯಲ್ಲಿದ್ದದ್ದಕ್ಕೆ ಅಲ್ಲಿನ ರಸೀದಿಯೂ ಇತ್ತು. ಯಜಮಾನರು ಗಡಿಯಾರ ತಪ್ಪಿರಬಹುದು ಎಂದು ಗೊಣಗಿದರು. ಉಳಿದಿಬ್ಬರು ಮುಟ್ಟಿಲ್ಲವೆಂದರು.

ಅತ್ತೆ ಸಹಿಯಾದ ಕರಡನ್ನೂ ಅಚ್ಚಾದ ಚೀಟಿಯನ್ನೂ ಪಕ್ಕಪಕ್ಕ ಇಟ್ಟರು. "ಏನು ವ್ಯತ್ಯಾಸ ಹೇಳು" ಎಂದು ನನ್ನನ್ನು ಕೇಳಿದರು.

"ಒಂದು ಅಂಕಿ ಹೋಗಿದೆ."

"ಅದು ಕುರುಡನಿಗೂ ಕಾಣುತ್ತೆ. ಇನ್ನೇನು?"

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎಚ್ಚರಿಕೆಯ ಸಾಲುಗಳೆಲ್ಲ ಸ್ವಲ್ಪ ಒಳಕ್ಕಿದ್ದವು. ಕಂಪನಿಯವರು ತಡವಾಗಿ ಸೇರಿಸಿದ್ದ ಮಕ್ಕಳ ಸಾಲು ಮಾತ್ರ ಕರಡಿನಲ್ಲಿ ಅಂಚಿಗೆ ಅಂಟಿಕೊಂಡಿತ್ತು. ಅಚ್ಚಾದ ಚೀಟಿಯಲ್ಲಿ ಅದೂ ಒಳಕ್ಕೆ ಸರಿದು ಉಳಿದವುಗಳ ನೇರಕ್ಕೆ ನಿಂತಿತ್ತು. ಅದರಿಂದ ಏನು ತಿಳಿಯಬೇಕೆಂದು ನನಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಅತ್ತೆ ಎಲ್ಲರನ್ನೂ ಡಿಟಿಪಿ ಅಕ್ಕನ ಮೇಜಿನ ಸುತ್ತ ಕರೆದರು. ಪರದೆಯ ಮೇಲೆ ಮಕ್ಕಳ ಸಾಲನ್ನು ಮೊದಲಿದ್ದಂತೆಯೇ ಹೊಡೆಸಿ, ಕರ್ಸರನ್ನು ಸಾಲಿನ ತಲೆಗೆ ಇಡಿಸಿದರು.

"ಇದು ದ್ವೇಷದ ಕೆಲಸ ಅಲ್ಲ" ಎಂದು ಶುರುಮಾಡಿದರು. "ದ್ವೇಷ ಇದ್ದವರು ಸಾಲನ್ನ ನೇರ ಮಾಡ್ತಾ ಕೂರಲ್ಲ. ಸಾಲು ವಕ್ರವಾಗಿದ್ದರೆ ಸಹಿಸದ ಯಾರೋ ಒಬ್ಬರು ಅದನ್ನ ಒಳಗೆ ಸರಿಸೋಕೆ ಬಂದಿದಾರೆ. ಅದಕ್ಕೆ ಬೇಕಾದ್ದು ಟ್ಯಾಬ್ ಕೀ. ಒತ್ತಿದ್ದು ಮೊದಲು ಡಿಲೀಟು, ಆಮೇಲೆ ಟ್ಯಾಬ್. ಯಾರು ಹಾಗೆ ಒತ್ತುತ್ತಾರೆ? ಯಜಮಾನರಂತೂ ಅಲ್ಲ. ಅವರು ಕೀ ಮೇಲಿನ ಹೆಸರು ಎರಡು ಸಲ ಓದದೆ ಬೆರಳು ಇಳಿಸಲ್ಲ. ಮಷೀನಿನವನು ಮುಟ್ಟಿದ್ದರೆ ಈ ಬಿಳಿ ಕೀಗಳು ಬಿಳಿಯಾಗಿ ಉಳೀತಿರಲಿಲ್ಲ."

ಮಷೀನಿನವನು ತನ್ನ ಬೆರಳುಗಳನ್ನು ಮೊದಲ ಬಾರಿಗೆ ಹೆಮ್ಮೆಯಿಂದ ನೋಡಿಕೊಂಡ.

"ಈ ತಪ್ಪು ಮಾಡೋಕೆ ಚೆನ್ನಾಗಿ ಟೈಪಿಂಗ್ ಕಲಿತಿರಬೇಕು" ಎಂದರು ಅತ್ತೆ. ಕರಡು ತಿದ್ದುವವರ ಕಡೆ ತಿರುಗಿ, ತರಗತಿಯ ದನಿಯಲ್ಲಿ, "ಬಲಗೈಲಿ ಹಾಳೆ ಹಿಡ್ಕೊಳ್ಳಿ. ಕಣ್ಣು ಹಾಳೆ ಮೇಲಿರಲಿ. ಈ ಸಾಲನ್ನ ಒಳಗೆ ಸರಿಸಿ" ಎಂದರು.

ಅವರು ನಿಂತಲ್ಲಿಂದಲೇ ಎಡಗೈ ಚಾಚಿದರು. ಬೆರಳು ಕೀಬೋರ್ಡಿನ ಎಡ ಅಂಚು ಹಿಡಿದು, ಮೇಲಿಂದ ಮೂರನೇ ಕೀಗೆ ಇಳಿದು ಒತ್ತಿತು. ಪರದೆಯ ಮೇಲೆ 12 ಹೋಗಿ 2 ಉಳಿಯಿತು.

ಅವರು ಹಾಳೆಯಿಂದ ಕಣ್ಣೆತ್ತಿ ಪರದೆ ನೋಡಿದರು.

"'ಒಂದು ಕೈಗೆ ಕೆಲಸ ಇದ್ದಾಗ ಎಡ ಅಂಚು ಹಿಡಿ, ಮೇಲಿಂದ ಮೂರನೇದು ಟ್ಯಾಬ್.' ಇದನ್ನ ಇವರಿಗೆ ಕಲಿಸಿದ್ದು ನಾನೇ" ಎಂದರು ಅತ್ತೆ. "ಮಾಮೂಲಿ ಕೀಬೋರ್ಡಿನಲ್ಲಿ ಅದು ನಿಜ. ಇದರಲ್ಲಿ ಆ ಜಾಗದಲ್ಲಿ ಇರೋದು ಡಿಲೀಟು. ಇದನ್ನ ಆರಿಸಿದವಳೂ ನಾನೇ. ಇವಳ ಭುಜ ಒಂದನ್ನೇ ನೋಡಿದೆ, ಮೇಜಿಗೆ ಬೇರೆ ಕೈಗಳೂ ಬರ್ತವೆ ಅಂತ ಯೋಚಿಸಲಿಲ್ಲ."

ಅತ್ತೆ ತಮ್ಮ ತಪ್ಪನ್ನು ಒಪ್ಪಿಕೊಂಡದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕರಡು ತಿದ್ದುವವರು ಕುರ್ಚಿಗೆ ಒರಗಿದರು. "ಸಾಲು ಜರುಗಲಿಲ್ಲ. ಕೈ ಒಳಗೆ ಸರಿಸಿದೆ, ಅಗಲದ ಕೀ ಬೆರಳಿಗೆ ಸಿಕ್ತು, ಒತ್ತಿದೆ, ಜರುಗಿತು. ಅಂಕಿ ಹೋದದ್ದು ದೇವರಾಣೆ ಗೊತ್ತಾಗಲಿಲ್ಲ. ನನ್ನ ಕೈ ತಪ್ಪೋದೇ ಇಲ್ಲ ಅಂತ ನಂಬಿ ಇವಳದೇ ತಪ್ಪು ಅಂದ್ಕೊಂಡೆ."

"ಅದು ಕೈತಪ್ಪು. ಯಾರಿಗೂ ಆಗುತ್ತೆ" ಎಂದರು ಅತ್ತೆ ಮೆತ್ತಗೆ. "ಆದರೆ ಮುಟ್ಟಿಲ್ಲ ಅಂದಿರಲ್ಲ, ಅದು ಕೈತಪ್ಪಲ್ಲ."

ಕರಡು ತಿದ್ದುವವರು ಯಜಮಾನರ ಕೈಯಿಂದ ಕಾಗದವನ್ನು ತೆಗೆದುಕೊಂಡು ಹರಿದು, "ಹೊಸದಾಗಿ ಹೊಡಿ ತಾಯಿ, ನಾನು ಹೇಳ್ತೀನಿ" ಎಂದು ಡಿಟಿಪಿ ಅಕ್ಕನಿಗೆ ಹೇಳಿದರು. ಸಹಿಯಾದ ಫೈಲನ್ನು ಮುಟ್ಟಿದ್ದು, ಅಂಕಿ ಅಳಿಸಿದ್ದು, ಆಮೇಲೆ ಮುಚ್ಚಿಟ್ಟದ್ದು, ಒಂದನ್ನೂ ಬಿಡದೆ ಹೇಳಿದರು. ಆಕೆಯ ಬೆರಳುಗಳು ಅವರ ಮಾತಿನ ಹಿಂದೆಯೇ ಓಡಿದವು. 'ಈ ತಪ್ಪಿಗೆ ಹೊಣೆ' ಎಂಬಲ್ಲಿಗೆ ಬಂದಾಗ ಆಕೆ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಯಾಕಮ್ಮ, ಹೆಸರು ಹಾಕು."

"ಇನ್ನೊಬ್ಬರ ಹೆಸರನ್ನ ಆ ಜಾಗಕ್ಕೆ ನಾನು ಹೊಡೆಯಲ್ಲ ಸರ್" ಎಂದಳು ಆಕೆ. ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ನೀವೇ ಹೊಡೀರಿ. ನೋಡ್ಕೊಂಡೇ ಒತ್ತಿ, ಇಲ್ಲಿ ಯಾರೂ ನಗಲ್ಲ."

ಅವರು ಕೂತರು. ಕತ್ತು ಬಾಗಿಸಿ, ಒಂದೇ ಬೆರಳಿನಿಂದ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಹುಡುಕತೊಡಗಿದರು.